ಅಂಜೂರದ ಮರಕ್ಕೆ ಇನ್ನೊಂದು ವರ್ಷ

ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರೂ ಅವರನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಅಂಗಡಿಯಿಂದ ನೇರವಾಗಿ ಬುಧವಾರದ ಪ್ರಾರ್ಥನೆಗೆ ಬಂದರೆ ಅಳತೆಯ ಟೇಪು ಕೊರಳಲ್ಲೇ ಇರುತ್ತಿತ್ತು. ಓದಿದ್ದು ಏಳನೇ ತರಗತಿ. ಆದರೂ ಭಾನುವಾರ ಮಕ್ಕಳಿಗೆ ಯೇಸು ಹೇಳಿದ ಸಾಮ್ಯಗಳನ್ನು, ಅಂದರೆ ದೃಷ್ಟಾಂತ ಕಥೆಗಳನ್ನು, ಕಲಿಸುವ ಕೆಲಸ ಇಪ್ಪತ್ತೆರಡು ವರ್ಷ ಅವರದೇ ಆಗಿತ್ತು.

ಅವರು ಪೇಟೆಯಲ್ಲಿ ಬೆಳೆದವರು, ನಾವು ಹೊಲದ ಮಕ್ಕಳು. ಸಾಮ್ಯಗಳ ತುಂಬ ಬೀಜ, ಕಳೆ, ಕುರಿ. ಹಾಗಾಗಿ ತಕರಾರು ತಪ್ಪುತ್ತಿರಲಿಲ್ಲ.

"ದಾರಿ ಮೇಲೆ ಬೀಜ ಚೆಲ್ಲೋನು ಎಂಥ ರೈತ, ಟೇಪಕ್ಕ? ನಮ್ಮಪ್ಪ ಆಗಿದ್ರೆ ಬೆನ್ನಿಗೆ ಬಾರಿಸ್ತಿದ್ರು."

"ಹೌದಾ? ಹಾಗಾದ್ರೆ ಇವನು ಯಾಕೆ ಚೆಲ್ಲಿದ?" ಎಂದು ಅವರು ನಮ್ಮನ್ನೇ ಕೇಳುತ್ತಿದ್ದರು. ಅರ್ಥವನ್ನು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ. "ನಾನು ಹೇಳಿದ್ರೆ ಅದು ನನ್ನ ಮೈಗೆ ಹೊಲಿದ ಅಂಗಿ ಆಗುತ್ತೆ. ನಿಮಗೆ ಹಿಡಿಸಲ್ಲ" ಎನ್ನುತ್ತಿದ್ದರು.

ಹತ್ತನೇ ತರಗತಿಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ಮೂರನೇ ಸಲವೂ ಅದೇ ಕಥೆಯಾದಾಗ ಅಪ್ಪ ಸೋಪು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ನನಗೆ ಕೆಲಸ ಗೊತ್ತುಮಾಡಿ ಬಂದರು. ಸೋಮವಾರದಿಂದ ಹೋಗಬೇಕಿತ್ತು. ಅಪ್ಪ ಇನ್ನೊಬ್ಬರ ಹಣ್ಣಿನ ತೋಟ ನೋಡಿಕೊಳ್ಳುವವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಆಗದ ಕೆಲಸಕ್ಕೆ ಹಟ ಹಿಡಿಯಬಾರದು ಎಂಬುದಷ್ಟೇ ಅವರ ವಾದ.

ಶನಿವಾರ ಮಧ್ಯಾಹ್ನ ಟೇಪಕ್ಕ ನಮ್ಮ ಮನೆಗೆ ಬಂದರು. ಅಪ್ಪ ಬಾಗಿಲಲ್ಲಿ ಕೂತು ಕೊಂಬೆ ಸವರುವ ಕತ್ತರಿಗೆ ಸಾಣೆ ಹಿಡಿಯುತ್ತಿದ್ದರು. ಟೇಪಕ್ಕ ಪೀಠಿಕೆಯಿಲ್ಲದೆ ಕಥೆ ಶುರುಮಾಡಿದರು. ಒಬ್ಬ ಯಜಮಾನನ ದ್ರಾಕ್ಷಿ ತೋಟದಲ್ಲಿ ಒಂದು ಅಂಜೂರದ ಮರ. ಮೂರು ವರ್ಷ ಬಂದು ನೋಡಿದರೂ ಒಂದು ಹಣ್ಣಿಲ್ಲ. ಕಡಿದು ಹಾಕು ಎಂದ. ತೋಟದವನು, ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ, ಆಮೇಲೂ ಬಿಡದಿದ್ದರೆ ಕಡಿಯೋಣ ಎಂದ.

ಅಪ್ಪ ಸಾಣೆ ನಿಲ್ಲಿಸಿದರು. "ಎಷ್ಟು ದೂರ ಅಗೆದ?"

"ಅಂದ್ರೆ?"

"ಬುಡಕ್ಕೇ ಗುದ್ದಲಿ ಹಾಕಿದ್ರೆ ಬೇರು ಹೋಗುತ್ತೆ, ಅಕ್ಕ. ಕೊಂಬೆಯ ನೆರಳು ಮುಗಿಯೋ ಕಡೆ ಅಗೀಬೇಕು. ಹಸಿ ಗೊಬ್ಬರ ಹಾಕಿದ್ರಂತೂ ಸುಟ್ಟೇ ಹೋಗುತ್ತೆ."

"ನನಗೆ ಗುಂಡಿಗೆ ಕಾಜಾ ಹೊಲಿಯೋದು ಗೊತ್ತು, ತೋಟ ಗೊತ್ತಿಲ್ಲ" ಎಂದರು ಟೇಪಕ್ಕ.

"ಕೊನೆಗೆ ಹಣ್ಣು ಬಿಡ್ತಾ?"

"ಅದು ಬರೆದಿಲ್ಲ."

"ಅರ್ಧ ಕಥೆ ಹೇಳೋಕೆ ಈ ಬಿಸಿಲಲ್ಲಿ ಬಂದ್ರಾ?"

ಒಳಗಿನಿಂದ ಅಮ್ಮ ಕಿಸಕ್ಕನೆ ನಕ್ಕರು. ಅಪ್ಪ ನಗಲಿಲ್ಲ. ಕತ್ತರಿಯ ಅಲಗನ್ನು ಒರೆಸುತ್ತಾ, "ನಮ್ಮ ಯಜಮಾನ್ರು ಕಡಿ ಅಂದಿದ್ರೆ ನಾನೂ ಹಾಗೇ ಕೇಳ್ಕೋತಿದ್ದೆ" ಎಂದರು. ಆಮೇಲೆ ತಲೆಯೆತ್ತಿ, "ಸರಿ, ಇಲ್ಲಿ ಅಗೆಯೋರು ಯಾರು? ನನಗಂತೂ ಅಕ್ಷರ ಬರಲ್ಲ" ಎಂದರು.

ಟೇಪಕ್ಕ ತಬ್ಬಿಬ್ಬಾದರು. ಅವರು ಕಥೆ ಹೇಳಿ ಹೋಗಲು ಬಂದವರು. ಇಷ್ಟು ವರ್ಷ ಆ ಸಾಮ್ಯ ಹೇಳಿದ್ದರೂ, ಬೇಡಿಕೊಂಡವನೇ ಗುದ್ದಲಿಯನ್ನೂ ಹಿಡಿಯಬೇಕಾಯಿತು ಎಂಬುದು ಹೊಳೆದದ್ದು ಆಗಲೇ ಎಂದು ಮುಂದೊಮ್ಮೆ ನನಗೆ ಹೇಳಿದರು.

"ನಾನೇ" ಎಂದರು ಮೆಲ್ಲಗೆ.

"ಒಂದು ವರ್ಷ. ಆಮೇಲೆ ನನ್ನ ಕೇಳ್ಬೇಡಿ."

ಏಳನೇ ತರಗತಿ ಓದಿದವರು ಹತ್ತನೆಯದರ ಗಣಿತ ಕಲಿಸುವುದೆಂದರೆ ಹುಡುಗಾಟವಲ್ಲ. ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಪ್ಯಾಂಟುಗಳನ್ನು ಸಡಿಲಿಸಿಕೊಟ್ಟು, ಅದಕ್ಕೆ ಬದಲಾಗಿ ಬೆಳಿಗ್ಗೆ ಅವರಿಂದ ಪಾಠ ಹೇಳಿಸಿಕೊಳ್ಳುತ್ತಿದ್ದರು. ಸಂಜೆ ಅದನ್ನೇ ನನಗೆ ಕಲಿಸುತ್ತಿದ್ದರು. ವೃತ್ತ, ಸ್ಪರ್ಶಕ, ತ್ರಿಕೋನ ಎಲ್ಲವನ್ನೂ ಕಟಿಂಗ್ ಮೇಜಿನ ಮೇಲೆ ಸೀಮೆಸುಣ್ಣದಿಂದ ಎಳೆದು ತೋರಿಸುವರು. ತಪ್ಪಿದರೆ ಬೈಯುತ್ತಿರಲಿಲ್ಲ. "ಬಿಚ್ಚು, ಇನ್ನೊಂದ್ಸಲ ಹೊಲಿ" ಎನ್ನುವರು. ಕೆಲವು ಲೆಕ್ಕ ಅವರಿಗೂ ತಿಳಿಯುತ್ತಿರಲಿಲ್ಲ. ಆಗ ಇಬ್ಬರೂ ಕೂತು ತಲೆ ಕೆರೆದುಕೊಳ್ಳುತ್ತಿದ್ದೆವು. ನನ್ನ ಭಯ ಕರಗಿದ್ದು ಅಲ್ಲೇ. ದೊಡ್ಡವರೊಬ್ಬರು ನನ್ನ ಪಕ್ಕದಲ್ಲಿ ಕೂತು ನನ್ನಷ್ಟೇ ಕಷ್ಟಪಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನೂರಕ್ಕೆ ನಲವತ್ತೊಂದು ಬಂತು. ಇಂದು ನನ್ನ ಹೆಸರಿನ ಮುಂದೆ ಪದವಿಯಿದೆ. ಆದರೂ ಆ ನಲವತ್ತೊಂದಕ್ಕೆ ಕೈಮುಗಿದಷ್ಟು ಬೇರೆ ಯಾವ ಅಂಕಕ್ಕೂ ನಾನು ಕೈಮುಗಿದಿಲ್ಲ.

ಫಲಿತಾಂಶದ ದಿನ ಅಪ್ಪ ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟು, ನನ್ನನ್ನು ಕರೆದುಕೊಂಡು ಟೇಪಕ್ಕನ ಅಂಗಡಿಗೆ ಹೋದರು. ಧನ್ಯವಾದ ಎಂಬ ಮಾತು ಅವರ ನಾಲಿಗೆಗೆ ಒಗ್ಗಿದ್ದಲ್ಲ. ಹೊಸ್ತಿಲಲ್ಲೇ ನಿಂತರು.

"ಅಕ್ಕ, ಕಾಲೇಜಿನ ಅರ್ಜಿ ಎಲ್ಲಿ ಕೊಡ್ತಾರೆ?"

ಟೇಪಕ್ಕ ದಾರಿ ಹೇಳಲು ಬಾಯಿ ತೆರೆದವರು, ಅಪ್ಪನ ಮುಖ ನೋಡಿ ಮನಸ್ಸು ಬದಲಿಸಿದರು. ಅರ್ಧ ಹೊಲಿದಿದ್ದ ತೋಳನ್ನು ಮೆಷಿನ್ನಿನಲ್ಲೇ ಬಿಟ್ಟು ಎದ್ದು ಅಂಗಡಿಗೆ ಬೀಗ ಹಾಕಿದರು. ಮೂವರೂ ಕಾಲೇಜಿಗೆ ನಡೆದೇ ಹೋದೆವು.