ಮಾರ್ವಾಳ ಮನೆಯ ಪಿಚರ್

ಮಾರ್ವಾ ಲಿಂಡ್‌ಕ್ವಿಸ್ಟ್‌ಗೆ ಅನುಮಾನ ಹುಟ್ಟುಗುಣ. ಮಾಂಸದಂಗಡಿಯವನ ತಕ್ಕಡಿ, ಪಾದ್ರಿಯ ನಗು, ಅಂಪೈರನ ಕಣ್ಣು, ಯಾವುದನ್ನೂ ಅವಳು ನಂಬಿದವಳಲ್ಲ. ಬ್ರಾಂಟನ್ ಊರಿನ ಬೇಸ್‌ಬಾಲ್ ತಂಡ ‘ರಿವರ್‌ಮೆನ್’ ಈ ವರ್ಷ ಕಪ್ ಗೆದ್ದೇ ಗೆಲ್ಲುತ್ತದೆ ಎಂದು ಅಮೆರಿಕದ ಆ ಅಯೋವಾ ರಾಜ್ಯದ ಪತ್ರಿಕೆಗಳು ಬರೆದಾಗಲೂ, ಮೊದಲು ಗೆಲ್ಲಲಿ ಎಂದು ಮೂಗು ಮುರಿದಿದ್ದಳು.

ಆ ತಂಡ ಹುಟ್ಟಿದಾಗಿನಿಂದ ಕಪ್ ಕಂಡದ್ದು ಒಂದೇ ಸಲ. ಅದನ್ನು ಗೆಲ್ಲಿಸಿದ ಪಿಚರ್, ಅಂದರೆ ಚೆಂಡೆಸೆಯುವವನು, ಅವಳ ಗಂಡ ಡೆಲ್. ಅವನು ಎಸೆದ ಚೆಂಡನ್ನು ಮುಟ್ಟುವವರೇ ಇರಲಿಲ್ಲವೆಂದು ಊರು ಈಗಲೂ ಹೇಳುತ್ತದೆ. ಮೈದಾನದ ಗೋಡೆಯ ಮೇಲೆ ಅವನ ಚಿತ್ರವಿದೆ. ಮರುವರ್ಷವೇ ಅವನ ಬಲ ಮೊಣಕೈ ಹಾಳಾಯಿತು, ಬ್ರೆಡ್ ಲಾರಿ ಓಡಿಸಿ ಸಂಸಾರ ತೂಗಿಸಿದ.

ಆಟಗಾರರನ್ನು ಊರಿನವರೇ ಮನೆಯಲ್ಲಿಟ್ಟುಕೊಂಡು ಸಾಕುವುದು ಅಲ್ಲಿನ ವಾಡಿಕೆ. ಈ ಸಲ ಮಾರ್ವಾಳ ಪಾಲಿಗೆ ಬಂದವನು ಎಲಿಹಿಯೊ, ಡೊಮಿನಿಕನ್ ದೇಶದ ಯುವಕ, ತಂಡದ ಹೊಸ ಪಿಚರ್. ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ. ಶನಿವಾರದ ಆಟಕ್ಕೆ ಅವನನ್ನು ನೋಡಿ ಕೊಂಡುಕೊಳ್ಳಲು ದೊಡ್ಡ ತಂಡದವರು ಬರುವವರಿದ್ದರು.

ಆ ವಾರವೇ ಫ್ರೀಜರಿನ ಐಸು ಮಾಯವಾಗತೊಡಗಿತು. ಹುಡುಗ ಕದ್ದು ವಿಸ್ಕಿ ಕುಡಿಯುತ್ತಿರಬೇಕೆಂದು ಮಾರ್ವಾ ಲೋಟಗಳನ್ನು ಮೂಸಿದಳು, ಕಸದ ಡಬ್ಬಿ ಕೆದಕಿದಳು. ಏನೂ ಸಿಗಲಿಲ್ಲ. ಊಟದ ಮೇಜಿನಲ್ಲಿ ಅವನು ಉಪ್ಪಿನ ಕುಡಿಕೆಗೆ ಬಲಗೈ ಬಿಟ್ಟು ಎಡಗೈ ಚಾಚಿದಾಗ ಅವಳು ಊಟ ನಿಲ್ಲಿಸಿ ಅವನ ಬಲಗೈಯನ್ನೇ ನೋಡಿದಳು. ಡೆಲ್‌ನ ಆ ಚಾಳಿಯನ್ನು ಅವಳು ಇದೇ ಮೇಜಿನಲ್ಲಿ ವರ್ಷಗಟ್ಟಲೆ ನೋಡುತ್ತ ಬಂದಿದ್ದಳು.

ಗುರುವಾರ ಮಧ್ಯಾಹ್ನ ಚರ್ಚಿನಿಂದ ಬೇಗ ಬಂದವಳೇ ಗ್ಯಾರೇಜಿನ ಬಾಗಿಲು ತಳ್ಳಿದಳು. ಎಲಿಹಿಯೊ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಅವನ ಊದಿದ ಬಲ ಮೊಣಕೈಗೆ ಐಸು ಕಟ್ಟುತ್ತಿದ್ದವನು ಡೆಲ್.

“ಶನಿವಾರ ನೋಡೋಕೆ ಬರೋರೆದುರಿಗೆ ಕೈ ಉಜ್ಕೋಬೇಡ,” ಎನ್ನುತ್ತಿದ್ದ ಡೆಲ್. “ಟೋಪಿ ಸರಿ ಮಾಡ್ಕೊಳ್ಳೋದೂ ಎಡಗೈಲೇ.”

ಅವಳನ್ನು ಕಂಡದ್ದೇ ಎಲಿಹಿಯೊ ಎದ್ದು ಮೇಲಿನ ಕೋಣೆಗೆ ಓಡಿದ. ಮಾರ್ವಾಳಿಗೆ ಮೈಯೆಲ್ಲ ಉರಿಯಿತು. ಲೋಕವನ್ನೆಲ್ಲ ಸಂಶಯಪಟ್ಟವಳು ಗಂಡನನ್ನು ಮಾತ್ರ ಬಿಟ್ಟಿದ್ದಳಲ್ಲ.

“ಆವತ್ತು ನಾನು ನೋವು ಅಂತ ಬಾಯಿ ಬಿಟ್ಟಿದ್ರೆ ಆ ಕಪ್ಪೂ ಇರ್ತಿರ್ಲಿಲ್ಲ ಕಣೆ, ಗೋಡೆ ಮೇಲೆ ಚಿತ್ರಾನೂ ಇರ್ತಿರ್ಲಿಲ್ಲ,” ಎಂದ ಡೆಲ್.

“ಚಿತ್ರಕ್ಕೇನಪ್ಪ. ಆ ಕೈ ಮಡಚೋಕಾಗಲ್ಲ ಅಂತ ದಿನಾ ಅಂಗಿ ಗುಂಡಿ ಹಾಕ್ಕೊಡೋಳು ನಾನು.”

ನೆಟ್ಟಗೆ ಅಡುಗೆಮನೆಗೆ ಹೋಗಿ ತಂಡದ ಮ್ಯಾನೇಜರ್ ಬರ್ಕ್‌ಹಾರ್ಟ್‌ಗೆ ಫೋನ್ ಮಾಡಿದಳು. ಅವನೇನು ಪರಕೀಯನಲ್ಲ. ಕಪ್ ಗೆದ್ದ ವರ್ಷ ಡೆಲ್ ಎಸೆದ ಚೆಂಡುಗಳನ್ನೆಲ್ಲ ಎದುರು ಕೂತು ಹಿಡಿದವನು, ಅವನ ಜೀವದ ಗೆಳೆಯ. ಹುಡುಗನ ಕೈ ಕೆಟ್ಟಿದೆ, ಆಡಿಸಬೇಡಿ ಎಂದಳು. ಬರ್ಕ್‌ಹಾರ್ಟ್ ದನಿ ತಗ್ಗಿಸಿದ.

“ಗೊತ್ತು ಮಾರ್ವಾ. ಕೆಳಗೆ ಕೂತು ಚೆಂಡು ಹಿಡಿಯೋನಿಗೆ ಗೊತ್ತಾಗದೆ ಇರುತ್ತಾ? ನಮ್ಮ ಕ್ಯಾಚರ್ ಹೋದ ವಾರಾನೇ ಹೇಳಿದ. ಶನಿವಾರ ಒಂದು ಕಳೀಲಿ. ನಮಗೆ ಗೊತ್ತು ಅಂತ ಹುಡುಗನಿಗೆ ಗೊತ್ತಾಗೋದು ಬೇಡ.”

ಮಾರ್ವಾ ಫೋನ್ ಇಟ್ಟು ಮಹಡಿ ಹತ್ತಿದಳು. ಬರ್ಕ್‌ಹಾರ್ಟ್ ಹೇಳಿದ್ದನ್ನು ಒಂದು ಮಾತೂ ಬಿಡದೆ ಎಲಿಹಿಯೊಗೆ ಹೇಳಿದಳು. ತಾನೇ ಎಲ್ಲರಿಗೂ ಮೋಸ ಮಾಡುತ್ತಿದ್ದೇನೆಂದು ನಿದ್ದೆಗೆಟ್ಟಿದ್ದ ಅವನು ಅವಳನ್ನೇ ನೋಡಿದ.

“ಗೊತ್ತಿದ್ದೂ ಎಸಿ ಅಂತಾರಾ, ಅಮ್ಮ?”

ಹಿಂದೆಯೇ ಹತ್ತಿ ಬಂದಿದ್ದ ಡೆಲ್ ಮೆಟ್ಟಿಲ ಮೇಲೆ ನಿಂತಿದ್ದ.

“ಹಿಡಿಯೋನಿಗೆ ಗೊತ್ತಾಗುತ್ತೆ ಅಂತ ಬರ್ಕ್‌ಹಾರ್ಟ್ ಬಾಯಲ್ಲೇ ಬಂತಾ?” ಎಂದು ಕೇಳಿದ.

ಹೌದೆಂದಳು ಮಾರ್ವಾ. “ಹಾಗಾದ್ರೆ ಆ ವರ್ಷ ನನ್ನ ನೋವೂ ಅವನಿಗೆ ಗೊತ್ತಿತ್ತು,” ಎಂದು ಡೆಲ್ ಅಲ್ಲೇ ಮೆಟ್ಟಿಲ ಮೇಲೆ ಕೂತ. ಆಮೇಲೆ ಎಡಗೈಯಿಂದ ಕಂಬಿ ಹಿಡಿದು ಎದ್ದು, ಜೋಡು ಹಾಕಿಕೋ, ಡಾಕ್ಟರ ಬಳಿ ಹೋಗೋಣ ಎಂದು ಎಲಿಹಿಯೊಗೆ ಹೇಳಿದ.