ಆರಾಮಿದ್ದವರ ಬ್ರೆಡ್ಡು

ನಮ್ಮ ನರೋಣಾದಲ್ಲಿ ಆಗ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. ಹಾಲಲ್ಲಿ ಅದ್ದಿ ಬಾಯಿಗಿಟ್ಟರೆ ಮುಗಿಯಿತು. ಆರಾಮಿದ್ದವರೂ ಅದನ್ನು ತಿನ್ನುತ್ತಾರೆಂದು ನನಗೆ ಗೊತ್ತಾದದ್ದು ಒಂಬತ್ತನೆಯ ತರಗತಿಯಲ್ಲಿ, ಅಣ್ಣನ ಹೆಂಡತಿ ಸೊಲ್ಲಾಪುರದಿಂದ ನಮ್ಮ ಮನೆಗೆ ಬಂದ ಮೇಲೆ.

ವೈನಿಗೆ, ಅಂದರೆ ಆ ಅತ್ತಿಗೆಗೆ, ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಒಮ್ಮೆ ಅವಳು ಹಿಟ್ಟು ಸರಿಯಿಲ್ಲ ಅಂದದ್ದಕ್ಕೆ ಅವ್ವ, "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ಎಲ್ಲರೆದುರು ನಕ್ಕುಬಿಟ್ಟಳು. ಆಮೇಲೆ ಅವಳನ್ನು ಒಲೆಯ ಮುಂದೆ ಕೂಡಿಸಲೇ ಇಲ್ಲ. "ಒಮ್ಮ್ಯಾರ ನಿಮ್ಮವ್ವಗ ನನ್ನ ಕೈಯಾಂದು ಉಣಸಬೇಕ ನೋಡು" ಎಂದು ನನಗೆ ಹೇಳುವಾಗ ವೈನಿಯ ಕಣ್ಣು ತುಂಬುತ್ತಿತ್ತು. ನನಗೆ ಅವ್ವನ ಮೇಲೆ ಸಿಟ್ಟು ಬರುತ್ತಿತ್ತು.

ಒಮ್ಮೆ ತವರಿಗೆ ಹೋದವಳು ಚೀಸಿನ ಡಬ್ಬಿ ತಂದಳು. ಬೆಣ್ಣೆ, ಬಳ್ಳೊಳ್ಳಿ ಹಚ್ಚಿದ ಬ್ರೆಡ್ಡಿನ ಮೇಲೆ ಅದನ್ನು ಹಾಕಿ ಸುಡುತ್ತಾರಂತೆ. ನನಗೋ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಆಳಂದದ ಶಾಲೆಯಿಂದ ಬರುವಾಗ ಬ್ರೆಡ್ಡು ಕೈಯಲ್ಲಿ ಹಿಡಿದೇ ಬಸ್ಸಿಳಿದೆ.

ಅವ್ವ ಒಲೆ ಬಿಟ್ಟೆದ್ದ ಹೊತ್ತು ನೋಡಿ ವೈನಿ ಹಂಚಿನ ಮೇಲೆ ಬ್ರೆಡ್ಡು ಜೋಡಿಸಿ, ತಾಟು ಮುಚ್ಚಿ, ಅದರ ಮೇಲೂ ತೊಗರಿ ಕಟ್ಟಿಗೆಯ ಕೆಂಡ ಹರವಿದಳು. ಮೇಲೇಕೆ ಕೆಂಡ? ಚೀಸು ಬೆಣ್ಣೆಯ ಹಾಗೆ ಹರಿಯುತ್ತದೋ, ಬೆಲ್ಲದ ಹಾಗೆ ಎಳೆ ಬರುತ್ತದೋ? ಇಕ್ಕಳದಿಂದ ಮತ್ತೆ ಮತ್ತೆ ತಾಟು ಎತ್ತಿ ನೋಡುತ್ತಿದ್ದೆ.

"ಹಿಂಗ ತಗದು ತಗದು ನೋಡಿದ್ರ ಅದು ಕರಗೋದ್ಯಾವಾಗ?" ಎಂದು ವೈನಿ ಗದರಿದಳು.

ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದ ಅವ್ವ ಅಲ್ಲಿಂದಲೇ, "ಸಬಕಾರ ಸುಡಾಕತ್ತೀರೇನು?" ಎಂದಳು. ಅವಳ ಕಣ್ಣಿಗೆ ಚೀಸು ಸಾಬೂನಿನ ತುಂಡು. ಚೀಸಿಗೇನೂ ಎಳೆ ಬರಲಿಲ್ಲ. ಸುಮ್ಮನೆ ಮೆತ್ತಗಾಗಿ ಅಂಚಿಗೆ ಇಳಿದಿತ್ತು. ವೈನಿ ತಾಟಿನಲ್ಲಿ ಹಾಕಿ ಅವ್ವನ ಮುಂದಿಟ್ಟಳು.

"ಗಟ್ಟಿಮುಟ್ಟ ಇದ್ದಾಕಿ ನಾ ಯಾಕ ಬ್ರೆಡ್ಡ್ ತಿನ್ಲಿ?" ಅವ್ವ ತಾಟು ಸರಿಸಿಬಿಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಂದು ಚರಿಗೆ ಹಾಲು ಹಿಡಿದು ಒಳಗೆ ಬಂದರು. "ಹುಡುಗಿ ಬ್ರೆಡ್ಡ್ ತರೋದು ನೋಡಿದ್ನಿರಿ ಅಕ್ಕಾ. ಯಾರಿಗಿ ಜ್ವರಾ ಬಂದಾವ?" ಅವರ ಹಿಂದೆ ಓಣಿಯ ಇನ್ನಿಬ್ಬರು.

ವೈನಿಯ ಮುಖ ಸಣ್ಣದಾಯಿತು. ರೊಟ್ಟಿ ಬಾರದ ಸೊಸೆ ಅತ್ತೆಗೆ ರೋಗಿಯ ಊಟ ಇಟ್ಟಳಂತೆ ಎಂದು ನಾಳೆ ಊರೆಲ್ಲ ಆಡಿಕೊಳ್ಳುವುದು ಖಂಡಿತ. ಅವ್ವ ಒಮ್ಮೆ ತಾಟು ನೋಡಿದಳು, ಒಮ್ಮೆ ವೈನಿಯನ್ನು. ಏನು ಹೇಳುತ್ತಾಳೋ ಎಂದು ನಾನು ಇಕ್ಕಳ ಹಿಡಿದೇ ವೈನಿಯ ಪಕ್ಕಕ್ಕೆ ಹೋಗಿ ನಿಂತೆ.

"ಜ್ವರಾ ನಮ್ಮ ವೈರಿಗಿ ಬರ್ಲಿ. ನಮ್ಮ ಸೊಸಿ ಮಾಡ್ಯಾಳ, ಕೂಡ್ರಿ, ತಿನ್ರಿ" ಎಂದು ಅವ್ವ ತಾನೇ ಮೊದಲು ಒಂದು ತುಂಡು ಬಾಯಿಗೆ ಹಾಕಿಕೊಂಡಳು.

ಅವಳು ಅಗಿಯುವುದನ್ನೇ ನಾವೆಲ್ಲ ನೋಡುತ್ತ ಕೂತೆವು. ಮುಖದಲ್ಲಿ ಏನೂ ಕಾಣಲಿಲ್ಲ. ಬಂದವರೂ ತಿಂದರು, ಹಾಲು ಬಿಟ್ಟು ಹೋದರು.

"ಬಳ್ಳೊಳ್ಳಿ ಕಮ್ಮಿ ಆತು" ಎಂದಳು ಅವ್ವ ಆಮೇಲೆ. "ನಾಳಿ ಇನ್ನೊಂದೀಟು ಹಾಕು."

"ಬ್ರೆಡ್ಡ್ ಮುಗದಾದ ಅತ್ತಿ."

"ಬ್ರೆಡ್ಡ್ ಯಾಕ ಬೇಕ? ರೊಟ್ಟಿ ಮ್ಯಾಲ ಹಚ್ಚು. ರೊಟ್ಟಿ ನೀನ ಬಡಿ. ಸೀಳಿದ್ರ ಸೀಳ್ಲಿ, ಬೆಣ್ಣಿ ಒಳಗ ಇಳೀತದ."