ದೊಡ್ಡವ್ವ ಉಜ್ಜಿದ ಕಲ್ಲು

ದೊಡ್ಡವ್ವನ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಗುರುತು ಹಿಡಿಯದೆ ಪ್ರತಿ ತಿಂಗಳೂ ಸತಾಯಿಸುತ್ತಿತ್ತು. ಅಂಗಡಿಯವನು ಗೊಣಗಿದರೆ, "ನನ್ ಗೆರೆಯೆಲ್ಲ ಗುಡಿ ಕಲ್ಲಿಗೆ ಹೋಗವೆ ಕಣಪ್ಪ, ನಿನ್ ಮಿಷನ್ ಅಲ್ಲಿಗೇ ತಗಂಡ್ ಬಾ" ಎನ್ನುತ್ತಿದ್ದಳು. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವಳು ನನಗೆ ರಕ್ತಸಂಬಂಧಿಯಲ್ಲ. ನಮ್ಮ ಬೀದಿಯ ಕೊನೆಯ ಮನೆಯವಳು, ಊರಿಗೆಲ್ಲ ದೊಡ್ಡವ್ವ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಊರ ಮೂಡಲಿಗೆ ಹೊಯ್ಸಳರ ಕಾಲದ ಈಶ್ವರನ ಗುಡಿ. ಗುಡಿಗೆ ಸರ್ಕಾರದ ಬೋರ್ಡಿಲ್ಲ, ಕಾವಲಿಲ್ಲ. ಊರ ಕಮಿಟಿಯದೇ ಯಜಮಾನಿಕೆ. ಅದರ ಕಸ ಗುಡಿಸುವ ಕೆಲಸ ದೊಡ್ಡವ್ವನ ಅತ್ತೆಯಿಂದ ಅವಳಿಗೆ ಬಂದಿತ್ತು.

ಗುಡಿಯೊಳಗೆ, ನಾಲ್ಕು ಕಂಬಗಳ ನಡುವೆ, ನೆಲದಲ್ಲಿ ಒಂದು ದುಂಡುಗಲ್ಲಿದೆ. ಎತ್ತಿನ ಗಾಡಿಯ ಚಕ್ರದಷ್ಟು ಅಗಲ. ನೇರ ಅದರ ಮೇಲೆ ಚಾವಣಿಯಲ್ಲಿ ಕೆಳಮುಖವಾಗಿ ಇಳಿಬಿದ್ದ ದೊಡ್ಡದೊಂದು ಕಲ್ಲಿನ ಮೊಗ್ಗು, ಸುತ್ತ ಎಸಳಿನೊಳಗೆ ಎಸಳು. ಒಳಗೆ ಎಷ್ಟು ಕತ್ತಲೆಯೆಂದರೆ ಆ ಮೊಗ್ಗು ಇದೆಯೆಂದೇ ತಿಳಿಯುವುದಿಲ್ಲ. ಆದರೆ ಬೆಳಗಿನ ಬಿಸಿಲು ಬಾಗಿಲಿನಿಂದ ಒಳಬಂದು ದುಂಡುಗಲ್ಲಿನ ಮೇಲೆ ಬಿದ್ದರೆ, ಕಲ್ಲು ಕನ್ನಡಿಯಂತೆ ಅದನ್ನು ಮೇಲಕ್ಕೆ ಎಸೆಯುತ್ತಿತ್ತು. ಸ್ವಲ್ಪ ಹೊತ್ತು ಮಾತ್ರ. ಅಷ್ಟು ಹೊತ್ತು ಚಾವಣಿಯ ಎಸಳುಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು.

ಕಲ್ಲು ಹಾಗೆ ಹೊಳೆಯಬೇಕಾದರೆ ದಿನಾ ಉಜ್ಜಬೇಕು. ದೊಡ್ಡವ್ವ ಮೊದಲು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಳು, ಆಮೇಲೆ ಹಳೇ ಬಟ್ಟೆಯಲ್ಲಿ, ಕೊನೆಗೆ ಬರೀ ಅಂಗೈಯಲ್ಲಿ. ಎಣ್ಣೆ ಹಾಕಲು ಬಿಡುತ್ತಿರಲಿಲ್ಲ, ದೂಳು ಕಚ್ಚುತ್ತದೆ ಎಂದು. ಗುಡಿ ನೋಡಲು ಬಂದವರಿಗೆ ಅವಳೇ ಗೈಡು. ಕಂಬಗಳನ್ನು ತೋರಿಸಿ, ತೊಟ್ಟಿಲ ಕಾಲು ಕಡೆದ ಹಾಗೆ ತಿರುಗಿಸಿ ತಿರುಗಿಸಿ ಕಡೆದಿದ್ದಾರೆ, ಉಂಗುರದ ಸಾಲು ಎಣಿಸಿ ನೋಡಿ ಎನ್ನುತ್ತಿದ್ದಳು. ಮೂಲೆಯ ಒಂದು ಅಂಕಣದ ಚಾವಣಿ ಹೂವಿನಲ್ಲಿ ಎರಡು ಎಸಳು ಕೆತ್ತದೆ ಬರೀ ಗೀಟಾಗಿ ಉಳಿದಿವೆ. ಅದನ್ನು ತೋರಿಸಿ, "ನಾಳೆ ಬತ್ತೀನಿ ಅಂತ ಹೋದೋನು, ಇನ್ನೂ ಬಂದಿಲ್ಲ ನೋಡಿ" ಎನ್ನುವಳು.

ನಾನು ಓದಿದ್ದು ಕಡಿಮೆ. ಬಿದ್ದ ಮನೆಗಳ ಕಲ್ಲು, ಬಾಗಿಲು ಕೊಂಡು ಮಾರುತ್ತಾ ಮೇಲೆ ಬಂದವನು. ಈಗ ಅಜ್ಜಂಪುರದಲ್ಲಿ ಗ್ರಾನೈಟು, ಟೈಲ್ಸಿನ ಅಂಗಡಿಯಿದೆ. ಕಲ್ಲಿನ ವಿದ್ಯೆ ಕಲಿಸಿದ್ದು ದೊಡ್ಡವ್ವ. ಶುರುವಿನಲ್ಲಿ ಒಂದು ಲೋಡು ಚಪ್ಪಡಿ ಕೊಂಡು ಕೆಟ್ಟು ಕೂತಿದ್ದಾಗ ಗುಡಿ ಗೋಡೆಯ ಹತ್ತಿರ ಕರೆದು ತೋರಿಸಿದಳು: ಕಲ್ಲಿಗೆ ನೀರು ಹಚ್ಚು, ಬೇಗ ಕುಡಿದರೆ ಬೇಡ; ಬೆರಳ ಗೆಣ್ಣಿನಲ್ಲಿ ತಟ್ಟು, ಬಿರುಕಿದ್ದರೆ ದನಿ ಒಡೆದಿರುತ್ತದೆ. ಗುಡಿಯ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಗಿ ಗಟ್ಟಿಯಾದದ್ದು, ಆದರೂ ಉಳಿಗೆ ಬೇಗ ಸೋಲುತ್ತದೆ ಎಂದೂ ಹೇಳಿದ್ದಳು. ಇವತ್ತಿಗೂ ನಾನು ಗ್ರಾನೈಟು ಆರಿಸುವುದು ಹಾಗೆಯೇ. ಹೊಸದಾಗಿ ಮನೆ ಕಟ್ಟಿಸುವವರಿಗೂ ಅದನ್ನೇ ಹೇಳುತ್ತೇನೆ: ಹೊಳಪಿಗೆ ಮರುಳಾಗಬೇಡಿ, ತಟ್ಟಿ ನೋಡಿ.

ಗುಡಿಯ ಜೀರ್ಣೋದ್ಧಾರ ಎಂದು ಕಮಿಟಿ ಎದ್ದಾಗ ನಾನು ಮುಂದೆ ನಿಂತೆ. ಗಿರಾಕಿಯೊಬ್ಬ ಬೇಡವೆಂದು ವಾಪಸು ಕಳಿಸಿದ ಕಪ್ಪು ಗ್ರಾನೈಟು ನನ್ನ ಗೋಡೌನಿನಲ್ಲಿ ಬಿದ್ದಿತ್ತು. ಜಾರದಿರಲೆಂದು ಮೈ ಒರಟು ಮಾಡಿಸಿದ್ದ ಕಲ್ಲು, ಬೇರೆ ಯಾರೂ ಕೇಳುತ್ತಿರಲಿಲ್ಲ. ಅದನ್ನು ಗುಡಿಗೆ ದಾನ ಕೊಟ್ಟರೆ ಜಾಗವೂ ಖಾಲಿ, ಬಾಗಿಲಲ್ಲಿ ಹೆಸರೂ ಕೆತ್ತಿಸಬಹುದು. ಕಮಿಟಿಯವರು ಖುಷಿಯಾದರು. ಆದರೆ ಹಿರಿಯರು, ದೊಡ್ಡವ್ವನನ್ನು ಒಂದು ಮಾತು ಕೇಳಿ ಎಂದರು.

ಅವಳ ಜಗುಲಿಯ ಮೇಲೆ ಕೂತು ನಾನು ವ್ಯಾಪಾರದ ನಾಲಿಗೆಯನ್ನೆಲ್ಲ ಬಿಚ್ಚಿದೆ. ವಯಸ್ಸಾಯಿತು, ಇನ್ನು ಮಂಡಿಯೂರಿ ಉಜ್ಜುವ ಕಷ್ಟವಿಲ್ಲ, ಒಂದು ಬಕೆಟ್ ನೀರು ಚೆಲ್ಲಿದರೆ ಮುಗಿಯಿತು ಎಂದೆ. ಅವಳು ಎಲ್ಲ ಕೇಳಿ, "ಹಾಕ್ಸು. ಆ ದುಂಡುಗಲ್ ಒಂದ್ ಬಿಡು" ಎಂದಳು.

"ಬಿಟ್ಟೆ ದೊಡ್ಡವ್ವ."

"ಹಂಗೇ ಅನ್ನಬ್ಯಾಡ. ನನ್ ಮುಖ ನೋಡ್ಕಂಡು ಹೇಳು."

ನೋಡಿಕೊಂಡೇ ಹೇಳಿದೆ.

ಕೆಲಸ ಶುರುವಾದಾಗ ಮೇಸ್ತ್ರಿ ತಲೆ ಕೆರೆದುಕೊಂಡ. ದುಂಡುಗಲ್ಲನ್ನು ಬಿಟ್ಟು ಸುತ್ತ ಗ್ರಾನೈಟನ್ನು ದುಂಡಗೆ ಕತ್ತರಿಸಿದರೆ ಕಲ್ಲು ಬಹಳ ಹಾಳಾಗುತ್ತದೆ, ಸಾಲದೆ ಬರುತ್ತದೆ ಎಂದ. ಸಾಲದೆ ಬಂದರೆ ನಾನು ಮಾರಾಟದ ಒಳ್ಳೆಯ ಮಾಲಿಗೆ ಕೈ ಹಾಕಬೇಕಿತ್ತು. ಆಗ ಶಿವನಿ ಊರಿನಲ್ಲಿ ದೊಡ್ಡವ್ವನ ತಂಗಿಯ ಮೊಮ್ಮಗಳ ಮದುವೆ. ಗುಡಿ ಬಿಟ್ಟು ಹೇಗೆ ಹೋಗಲಿ ಎಂದು ಅವಳು ಅನುಮಾನಿಸುತ್ತಿದ್ದಳು. ನಾನೇ ಒತ್ತಾಯ ಮಾಡಿ, ಬಸ್ಸಿಗೆ ಹತ್ತಿಸಿ, ನಾಲ್ಕು ದಿನ ನಿಂತು ಬಾ ಎಂದು ಕಳಿಸಿದೆ. ತಿರುಗಿ ಬಂದು ಮೇಸ್ತ್ರಿಗೆ, ಮುಚ್ಚಿಬಿಡು ಎಂದೆ.

ನುಣುಪು ಕಲ್ಲಿನ ಮೇಲೆ ಸಿಮೆಂಟು ಕಚ್ಚುವುದಿಲ್ಲ. ಉಳಿಯಿಂದ ಮೈಯೆಲ್ಲ ಕಚ್ಚು ಹೊಡೆದರೆ ಮಾತ್ರ ಹಿಡಿಯುತ್ತದೆ. ಹೊಡೆಯಲಾ ಎಂದು ಮೇಸ್ತ್ರಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಏಟು ಬೀಳುವಾಗ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಾ ನಿಂತೆ.

ದೊಡ್ಡವ್ವ ಮದುವೆ ಮುಗಿಸಿ ಬಂದವಳು ಕೈಚೀಲ ಹಿಡಿದುಕೊಂಡೇ ಗುಡಿಗೆ ಬಂದಳು. ಹೊಸ ಟ್ಯೂಬ್‌ಲೈಟು ಹಾಕಿಸಿದ್ದೆ. ಅವಳು ನೆಲ ನೋಡಿದಳು, ಮೇಲೆ ನೋಡಿದಳು. "ಕಾಲು ಜಾರಲ್ಲ, ಒಳ್ಳೇದಾಯ್ತು" ಎಂದಳು. ಕೈಚೀಲ ಕೆಳಗಿಟ್ಟು ಆ ಕಲ್ಲು ಎಲ್ಲಿ ಎಂದು ಕೇಳಿದಳು. ಒಳಗೇ ಇದೆ, ಎಲ್ಲೂ ಹೋಗಿಲ್ಲ ಎಂದೆ.

"ಒಳಗಿದ್ದು ಏನ್ ಮಾಡಾದು" ಎಂದು ಪೊರಕೆ ತೆಗೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ಎರಡು ಮಾತು ಎದುರಾಡಿ ಹಗುರಾಗುತ್ತಿದ್ದೆ.

ಮುಂದಿನ ವರ್ಷ ಒಂದಷ್ಟು ಕಾಲೇಜು ಹುಡುಗಿಯರು ಗುಡಿ ನೋಡಲು ಬಂದರು. ಅಂದು ಸೋಮವಾರ, ನಾನೂ ಪೂಜೆಗೆ ಹೋಗಿದ್ದೆ. ಮೊಗ್ಗಿಗೆ ಮೊಬೈಲಿನ ಬೆಳಕು ಬಿಟ್ಟರೂ ಎಸಳು ಬಿಡಿಬಿಡಿಯಾಗಿ ಕಾಣಲಿಲ್ಲ, ಎಲ್ಲ ಒಂದೇ ಬಿಳಿ ಮುದ್ದೆ. ದೊಡ್ಡವ್ವ, ಮುಂಚೆ ಬಿಸಿಲು ಕೆಳಗಿನಿಂದ ಬರುತ್ತಿತ್ತು ಎಂದಳು. ಈಗ ಯಾಕೆ ಬರುವುದಿಲ್ಲ ಎಂದು ಒಬ್ಬಳು ಕೇಳಿದಳು. ನಾನು ಕಂಬದ ಪಕ್ಕದಲ್ಲೇ ನಿಂತಿದ್ದೆ. ದೊಡ್ಡವ್ವ ನನ್ನ ಕಡೆ ನೋಡದೆ, "ನಂಗ್ ವಯಸ್ಸಾಯ್ತಲ್ಲವ್ವ, ಅದಕ್ಕೆ" ಎಂದಳು.

ಆ ವಾರವೇ ನಡುವಿನ ಗ್ರಾನೈಟು ಕೀಳಿಸಿದೆ. ದುಂಡುಗಲ್ಲು ಹೊರಗೆ ಬಂದಾಗ ಮೈಯೆಲ್ಲ ಸಿಡುಬು ಎದ್ದ ಮುಖದ ಹಾಗಿತ್ತು. ದೊಡ್ಡವ್ವ ಮಂಡಿಯೂರಿ ಕೂತು ಅಂಗೈ ಇಟ್ಟಳು. ಪಾಲಿಶ್ ಮಿಷನ್ ತರಿಸುತ್ತೇನೆ ಎಂದೆ.

"ಬ್ಯಾಡ ಕಣಪ್ಪ. ಮೆತ್ತನೇ ಕಲ್ಲು, ಮಿಷನ್ ಕೊಟ್ರೆ ಹಳ್ಳ ಬೀಳುತ್ತೆ" ಎಂದು ನಾರು ತೆಗೆದುಕೊಂಡಳು. ಎಂಟು ತಿಂಗಳು ಉಜ್ಜಿದಳು. ನಡುವೆ ಅಂಗೈಯಗಲ ಮಂಕಾಗಿ ಮಿರುಗಲು ಶುರುವಾಗಿತ್ತು. ಆಮೇಲೆ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ.

ಅವಳ ಶಿವಗಣಾರಾಧನೆಯ ದಿನ ಊಟಕ್ಕೆ ಕೂತಿದ್ದೆವು. ಕಡೂರಿನಿಂದ ಬಂದಿದ್ದ ಅವಳ ಕಡೆಯ ನೆಂಟರೊಬ್ಬರು ಗುಡಿ ನೋಡಿ ಬಂದು, ಆ ಕಲ್ಲು ಯಾಕೆ ಹಾಗಾಗಿದೆ ಎಂದು ಕೇಳಿದರು. ಪಕ್ಕದಲ್ಲಿದ್ದ ಕಮಿಟಿಯವನು ನನ್ನತ್ತ ಕೈ ತೋರಿಸುತ್ತಾ ಹೇಳಿದ: "ಅಜ್ಜಿ ತಿಕ್ಕಿ ತಿಕ್ಕಿ ಗುಳಿ ಬೀಳ್ಸಿದ್ಲು. ಪಾಪ, ಸಾವ್ಕಾರ್ರು ಕೈಯಿಂದ ಕಲ್ಲು ಹಾಕಿ ಮುಚ್ಚಿಸಿದ್ರು, ಅದನ್ನೂ ಕೀಳ್ಸಿದ್ಲು. ಹಠ ಜಾಸ್ತಿ."

ನೆಂಟರು ನನ್ನ ಕಡೆ ತಿರುಗಿ ಕೈ ಮುಗಿದರು. ಎಲೆಯ ಮೇಲೆ ಪಾಯಸ ಹರಿಯುತ್ತಿತ್ತು. ನಾನು ಅದನ್ನು ಬೆರಳಿನಿಂದ ತಡೆಯುತ್ತಾ, "ಇರಲಿ ಬಿಡಿ, ದೊಡ್ಡವರು" ಎಂದೆ.

ಹಳೇ ಗುಡಿಗೆ ಏನಾದರೂ ಮಾಡಿಸಬೇಕೆಂದು ನನ್ನ ಅಂಗಡಿಗೆ ಬರುವವರಿಗೆ ನಾನೀಗ, ಮೊದಲು ಕಸ ಗುಡಿಸುವವರನ್ನು ಕೇಳಿ, ಅವರು ಬೇಡ ಎಂದದ್ದನ್ನು ಮುಟ್ಟಬೇಡಿ ಎಂದು ಹೇಳಿ ಕಳಿಸುತ್ತೇನೆ. ಯಾಕೆ ಎಂದು ಕೇಳಿದರೆ ಮಾತು ತೇಲಿಸುತ್ತೇನೆ. ಆ ಕಲ್ಲಿಗೆ ಕಚ್ಚು ಹೊಡೆಸಿದ್ದು ನಾನು. ಅಂದು ಊಟದ ಎಲೆಯ ಮುಂದೆ ಕೂತಾಗ ಬಾಯಿಂದ ಬರದ ಈ ಒಂದು ಮಾತು ಇಷ್ಟು ಬರೆದ ಮೇಲೆ ಬಂತು.